ಎರಡು ಯುಪಿಎಸ್ ಇದ್ದರೂ ಸರ್ವರ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಪತ್ತಿನ ಸಹಕಾರಿ ಸಂಘ. ಎಲ್ಲ ಶಾಖೆಗಳ ಲೆಕ್ಕ ಒಂದೇ ಕಡೆ ನಡೆಯಲಿ ಅಂತ ಮುಖ್ಯ ಕಚೇರಿಯಲ್ಲಿ ಎಂಟು ರ್‍ಯಾಕ್‌ಗಳ ಸಣ್ಣ ಡೇಟಾ ಸೆಂಟರ್ ಕಟ್ಟುತ್ತಿದ್ದೇವೆ. ಸರ್ವರ್ ಲೋಡ್ 40 ಕಿಲೋವ್ಯಾಟ್ ಅಂತ ಅಂದಾಜು. ಗುತ್ತಿಗೆದಾರರು 60 ಕೆವಿಎಯ ಎರಡು ಯುಪಿಎಸ್, 30 ನಿಮಿಷದ ಬ್ಯಾಟರಿ, 250 ಕೆವಿಎಯ ಒಂದು ಜನರೇಟರ್ ಬರೆದುಕೊಟ್ಟಿದ್ದಾರೆ. ‘ಎನ್ ಪ್ಲಸ್ ಒನ್ (ಬೇಕಾದ್ದಕ್ಕಿಂತ ಒಂದು ಯಂತ್ರ ಹೆಚ್ಚು), ಟಿಯರ್ 3 (ಡೇಟಾ ಸೆಂಟರ್‌ನ ಒಂದು ದರ್ಜೆ), ಕರೆಂಟ್ ಹೋಗೋ ಮಾತೇ ಇಲ್ಲ’ ಅನ್ನುತ್ತಾರೆ. ಇಷ್ಟು ಸಾಕಾ? ಬ್ಯಾಟರಿಯನ್ನು ಒಂದು ಗಂಟೆಗೆ ಏರಿಸಬೇಕಾ? ಹೆಸ್ಕಾಂನಿಂದ ಎರಡನೇ ಲೈನ್ ತೆಗೆದುಕೊಳ್ಳಬೇಕಾ? ತಾರಸಿ ಮೇಲಿರುವ ಸೋಲಾರ್ ಬ್ಯಾಕಪ್‌ಗೆ ಆಗುತ್ತದಾ?

ಉತ್ತರ: ಗುತ್ತಿಗೆದಾರರು ಕೊಟ್ಟ ಯಂತ್ರಗಳ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವರಿಂದ ಸಿಂಗಲ್ ಲೈನ್ ಡಯಾಗ್ರಾಂ ಕೇಳಿ. ಹೆಸ್ಕಾಂ ಮೀಟರಿನಿಂದ ಸರ್ವರ್‌ನ ಪ್ಲಗ್‌ವರೆಗೆ ಕರೆಂಟ್ ಹರಿಯುವ ದಾರಿ ಅದರಲ್ಲಿ ಒಂದೇ ಹಾಳೆಯಲ್ಲಿ ಕಾಣುತ್ತದೆ. ಒಂದು ಪೆನ್ಸಿಲ್ ಹಿಡಿದು ಆ ಹಾಳೆಯ ಒಂದೊಂದು ಚೌಕದ ಮೇಲೂ ಕಾಟು ಹೊಡೆಯುತ್ತಾ ಹೋಗಿ. ಪ್ರತಿ ಸಲವೂ ಕೇಳಿಕೊಳ್ಳಿ: ಇದು ಹೋದರೆ ಇದರ ಜೊತೆ ಇನ್ನೇನು ಹೋಗುತ್ತದೆ? ನೀವು ಬರೆದಿರುವ ವಿವರದಲ್ಲೇ ನನಗೆ ಒಂದಕ್ಕಿಂತ ಹೆಚ್ಚು ಕಡೆ ‘ಎಲ್ಲವೂ ಹೋಗುತ್ತದೆ’ ಅನ್ನುವ ಉತ್ತರ ಬರುವ ಹಾಗೆ ಕಾಣುತ್ತಿದೆ.

ಮೊದಲನೆಯದು ಯುಪಿಎಸ್. ಇಂಥ ಕೊಟೇಶನ್‌ಗಳಲ್ಲಿ ಎರಡು ಯುಪಿಎಸ್‌ಗಳನ್ನು ಸಾಮಾನ್ಯವಾಗಿ ಪ್ಯಾರಲಲ್ ಮಾಡಿ ಒಂದೇ ಔಟ್‌ಪುಟ್ ಪ್ಯಾನೆಲ್‌ಗೆ ಕೊಟ್ಟಿರುತ್ತಾರೆ. ಜೋಡಿ ಎತ್ತು ಕಟ್ಟಿದರೂ ನೊಗ ಒಂದೇ. ನೊಗ ಮುರಿದರೆ ಎರಡೂ ನಿಂತ ಹಾಗೆಯೇ. ಆ ಪ್ಯಾನೆಲ್‌ನ ಬಸ್‌ಬಾರ್‌ನಲ್ಲಿ (ಕರೆಂಟ್ ಹಂಚುವ ದಪ್ಪ ಲೋಹದ ಪಟ್ಟಿಯಲ್ಲಿ) ಒಂದು ನಟ್ಟು ಸಡಿಲವಾಗಿ ಸುಟ್ಟರೆ, ಹಿಂದೆ ಎರಡಲ್ಲ, ನಾಲ್ಕು ಯುಪಿಎಸ್ ಇದ್ದರೂ ಪ್ರಯೋಜನವಿಲ್ಲ.

ನೀವು ಮಾಡಬೇಕಾದ್ದು ಇಷ್ಟೇ: ಅದೇ ಎರಡು ಯುಪಿಎಸ್‌ಗಳನ್ನು ಬೇರೆ ಬೇರೆ ಮಾಡಿ. ಒಂದಕ್ಕೆ ‘ಎ’ ಅನ್ನಿ, ಇನ್ನೊಂದಕ್ಕೆ ‘ಬಿ’. ಎ ಯುಪಿಎಸ್‌ಗೆ ಅದರದ್ದೇ ಪ್ಯಾನೆಲ್, ಅದರದ್ದೇ ಕೇಬಲ್, ಪ್ರತಿ ರ್‍ಯಾಕ್‌ನಲ್ಲಿ ಅದರದ್ದೇ ಪವರ್ ಸ್ಟ್ರಿಪ್. ಬಿಗೂ ಹಾಗೆಯೇ. ಈಗಿನ ಸರ್ವರ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಎರಡು ಪವರ್ ಸಪ್ಲೈ ಇರುತ್ತದೆ. ಒಂದು ವೈರ್ ಎಗೆ, ಒಂದು ಬಿಗೆ. ಯಂತ್ರಗಳ ಸಂಖ್ಯೆ ಅಷ್ಟೇ. ಜಾಸ್ತಿ ಆಗುವುದು ಒಂದು ಪ್ಯಾನೆಲ್ ಮತ್ತು ಸ್ವಲ್ಪ ಕೇಬಲ್ ಮಾತ್ರ. ನೀವು ಮಾತ್ರ ‘ಎನ್ ಪ್ಲಸ್ ಒನ್’ನಿಂದ ‘ಟೂ ಎನ್’ಗೆ, ಅಂದರೆ ಒಂದಕ್ಕೊಂದು ತಗಲದ ಎರಡು ಪೂರ್ತಿ ದಾರಿಗೆ, ಬಂದಿರುತ್ತೀರಿ. ನಿಮ್ಮಂಥ ಸಣ್ಣ ಲೋಡ್‌ಗೆ ಇದಕ್ಕಿಂತ ಅಗ್ಗದಲ್ಲಿ ಸಿಗುವ ಭದ್ರತೆ ನನಗೆ ಗೊತ್ತಿಲ್ಲ.

ಇದರಲ್ಲಿ ಜನ ಎಡವುವುದು ಲೋಡ್ ಲೆಕ್ಕದಲ್ಲಿ. ಎ ಮೇಲೆ 35, ಬಿ ಮೇಲೆ 35 ಕಿಲೋವ್ಯಾಟ್ ಇದೆ ಅಂದುಕೊಳ್ಳಿ. ಎರಡರ ಪರದೆಯೂ 60 ಪರ್ಸೆಂಟ್‌ಗಿಂತ ಕಡಿಮೆ ತೋರಿಸುತ್ತದೆ, ಎಲ್ಲರಿಗೂ ನೆಮ್ಮದಿ. ಎ ನಿಂತ ಕೂಡಲೇ 70 ಕಿಲೋವ್ಯಾಟ್ ಒಟ್ಟಿಗೆ ಬಿ ಮೇಲೆ ಬೀಳುತ್ತದೆ, ಅದು 60ಕ್ಕೆ ಮಾಡಿದ ಯಂತ್ರ. ಓವರ್‌ಲೋಡ್ ಆಗಿ ಅದೂ ನಿಲ್ಲುತ್ತದೆ. ಹಾಗಾಗಿ ಎರಡರ ಲೋಡ್ ಕೂಡಿಸಿದರೆ 50 ದಾಟಬಾರದು ಅಂತ ಗೋಡೆ ಮೇಲೆ ಬರೆದು ಹಾಕಿ. ಇಂದು 40 ಇದ್ದದ್ದು ಮೂರು ವರ್ಷದಲ್ಲಿ ಯಾರಿಗೂ ಹೇಳದೆ 65 ಆಗಿರುತ್ತದೆ.

ಇನ್ನೊಂದು, ಒಂದೇ ವೈರ್ ಇರುವ ಸಾಮಾನುಗಳು. ಹಳೆಯ ನೆಟ್‌ವರ್ಕ್ ಸ್ವಿಚ್, ಫೈರ್‌ವಾಲ್, ಇಂಟರ್ನೆಟ್ ಕಂಪನಿಯವರು ಮೂಲೆಯಲ್ಲಿ ತೂಗುಹಾಕಿ ಹೋದ ಪುಟ್ಟ ಡಬ್ಬಿ. ಸರ್ವರ್ ಎಲ್ಲ ಓಡುತ್ತಿದ್ದರೂ ಆ ಡಬ್ಬಿಗೆ ಕರೆಂಟ್ ಇಲ್ಲದಿದ್ದರೆ ಶಾಖೆಗಳಿಗೆ ಎಲ್ಲವೂ ಸತ್ತ ಹಾಗೆಯೇ. 2016ರ ಆಗಸ್ಟ್ 8ರಂದು ಅಟ್ಲಾಂಟಾದಲ್ಲಿ ಡೆಲ್ಟಾ ಏರ್‌ಲೈನ್ಸ್‌ಗೆ ಹೀಗೇ ಆಯಿತು. ವಿದ್ಯುತ್ ಉಪಕರಣವೊಂದು ಕೆಟ್ಟಿತು. ಬ್ಯಾಕಪ್ ವ್ಯವಸ್ಥೆ ಇತ್ತು. ಆದರೆ ಸುಮಾರು 7,000 ಯಂತ್ರಗಳಲ್ಲಿ 300ರಷ್ಟು ಆ ಬ್ಯಾಕಪ್‌ಗೆ ಸರಿಯಾಗಿ ಜೋಡಿಸಿರಲಿಲ್ಲ ಅಂತ ಕಂಪನಿಯ ಮುಖ್ಯಸ್ಥರೇ ಹೇಳಿದರು. ಮೂರು ದಿನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಒಂದೇ ವೈರಿನ ಸಾಮಾನುಗಳಿಗೆ ರ್‍ಯಾಕ್ ಒಳಗೇ ಕೂರುವ ಸಣ್ಣ ಟ್ರಾನ್ಸ್‌ಫರ್ ಸ್ವಿಚ್ ಸಿಗುತ್ತದೆ. ಎ ಹೋದರೆ ಅದು ತಾನೇ ಬಿಗೆ ಬದಲಾಯಿಸುತ್ತದೆ. ಅದನ್ನು ಹಾಕಿಸಿ.

ಈಗ ಜನರೇಟರ್. 250 ಕೆವಿಎ ಅಂದರೆ 0.8 ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಭಾಗ ನಿಜವಾಗಿ ಕೆಲಸಕ್ಕೆ ಸಿಗುತ್ತದೆ ಅನ್ನುವ ಅಳತೆ) ಲೆಕ್ಕದಲ್ಲಿ 200 ಕಿಲೋವ್ಯಾಟ್. ನಿಮಗೆ ಬೇಕಾದದ್ದು ಎಷ್ಟು, ಕೂಡಿಸೋಣ. ಸರ್ವರ್‌ಗೆ 40. ಸರ್ವರ್ ಮತ್ತು ಯುಪಿಎಸ್ ಉಗುಳುವ ಬಿಸಿ ತೆಗೆಯಲು ಸುಮಾರು 13 ಟನ್ ಎಸಿ ಬೇಕು, ಅದಕ್ಕೆ 17 ಕಿಲೋವ್ಯಾಟ್ ಹತ್ತಿರ. ಯುಪಿಎಸ್‌ನ ಸ್ವಂತ ನಷ್ಟ 3. ಖಾಲಿಯಾದ ಬ್ಯಾಟರಿ ಮತ್ತೆ ತುಂಬಲು 5. ದೀಪ, ಕ್ಯಾಮೆರಾ, ಬಾಗಿಲ ಬೀಗ ಅಂತ ಇನ್ನೊಂದು 3. ಎಲ್ಲ ಸೇರಿ 70ರ ಒಳಗೆ. ಅದೂ 40 ನಿಜವಾದರೆ. ಸರ್ವರ್‌ನ ಮೇಲೆ ಬರೆದ ವ್ಯಾಟ್ ಕೂಡಿಸಿ 40 ಅಂದಿದ್ದರೆ, ಓಡುವಾಗ ಅದು 25 ಇರುವ ಸಾಧ್ಯತೆಯೇ ಜಾಸ್ತಿ. ಆಗ ಒಟ್ಟು 45 ಆಯಿತು.

200 ಕಿಲೋವ್ಯಾಟ್ ಯಂತ್ರದ ಮೇಲೆ 45 ಅಂದರೆ ಕಾಲು ಭಾಗವೂ ಇಲ್ಲ. ಡೀಸೆಲ್ ಎಂಜಿನ್‌ಗೆ 30 ಪರ್ಸೆಂಟ್‌ಗಿಂತ ಕಡಿಮೆ ಲೋಡ್ ಒಗ್ಗುವುದಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ ಮತ್ತು ಮಸಿ ಸೈಲೆನ್ಸರ್ ದಾರಿಯಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ. ದೊಡ್ಡದು ತಂದರೆ ಒಳ್ಳೆಯದು ಅನ್ನುವ ಯೋಚನೆ ಇಲ್ಲಿ ತಿರುಗಿ ಬೀಳುತ್ತದೆ.

ಒಂದು 250ರ ಬದಲು ಎರಡು 125 ಕೆವಿಎ ತೆಗೆದುಕೊಳ್ಳಿ. ಒಂದೊಂದೂ 100 ಕಿಲೋವ್ಯಾಟ್. ನಿಮ್ಮ ಇಡೀ 70ನ್ನು ಒಂದೇ ಯಂತ್ರ ಆರಾಮಾಗಿ ಹೊರುತ್ತದೆ. ಎರಡು ತಂದರೆ ಸ್ವಲ್ಪ ದುಡ್ಡು ಜಾಸ್ತಿ, ಜಾಗವೂ ಜಾಸ್ತಿ. ಆದರೆ ಒಂದು ಸರ್ವಿಸ್‌ಗೆ ಬಿಚ್ಚಿಟ್ಟ ದಿನವೇ ಕರೆಂಟ್ ಹೋದರೂ ನೀವು ಬೆವರಬೇಕಿಲ್ಲ.

ಜೋಡಿಸುವಾಗ ಮತ್ತೆ ಅದೇ ತಪ್ಪಾಗದಿರಲಿ. ಎರಡು ಜನರೇಟರ್ ತಂದು ಒಂದೇ ಎಎಂಎಫ್ ಪ್ಯಾನೆಲ್‌ಗೆ (ಕರೆಂಟ್ ಹೋದಾಗ ಜನರೇಟರನ್ನು ತಾನಾಗಿ ಶುರುಮಾಡುವ ಪ್ಯಾನೆಲ್‌ಗೆ) ಕಟ್ಟಿದರೆ ಹಾಳೆಯಲ್ಲಿ ಇನ್ನೊಂದು ‘ಎಲ್ಲವೂ ಹೋಗುತ್ತದೆ’ ಹುಟ್ಟಿಕೊಳ್ಳುತ್ತದೆ. ನಾನಾಗಿದ್ದರೆ ಹೀಗೆ ಮಾಡಿಸುತ್ತೇನೆ: ಎ ಕಡೆಗೆ ಹೆಸ್ಕಾಂ ಅಥವಾ ಒಂದನೇ ಜನರೇಟರ್, ಅದಕ್ಕೊಂದು ಚೇಂಜ್‌ಓವರ್. ಬಿ ಕಡೆಗೆ ಹೆಸ್ಕಾಂ ಅಥವಾ ಎರಡನೇ ಜನರೇಟರ್, ಅದಕ್ಕೆ ಬೇರೆಯದೇ ಚೇಂಜ್‌ಓವರ್. ಎಸಿಯೂ ಎರಡು, ಒಂದೊಂದೂ ಇಡೀ ಕೋಣೆಯನ್ನು ತಂಪು ಮಾಡುವಷ್ಟು ದೊಡ್ಡದು. ಒಂದು ಎ ಮೇಲೆ, ಒಂದು ಬಿ ಮೇಲೆ. ಎರಡು ಕಡೆಯ ನಡುವೆ ಬೀಗದ ಕೈ ಇಂಟರ್‌ಲಾಕ್ ಇರುವ ಒಂದು ಟೈ ಬ್ರೇಕರ್ (ಎರಡು ಕಡೆಯನ್ನೂ ಜೋಡಿಸುವ ಸ್ವಿಚ್), ಯಾವಾಗಲೂ ತೆರೆದೇ, ಅಂದರೆ ಆಫ್ ಆಗಿಯೇ ಇರಲಿ, ರಿಪೇರಿ ದಿನ ಮಾತ್ರ ಕೈಯಲ್ಲಿ ಹಾಕುವುದು. ಈ ಜೋಡಣೆಯಲ್ಲಿ ಜನರೇಟರ್‌ಗಳನ್ನು ಸಿಂಕ್ರೊನೈಸ್ ಮಾಡುವ (ಒಂದೇ ಲಯಕ್ಕೆ ತರುವ) ದುಬಾರಿ ಪ್ಯಾನೆಲ್ಲೂ ಬೇಡ. ಕರೆಂಟ್ ಹೋದಾಗ ಒಂದನೇ ಜನರೇಟರ್ ಮುನಿಸಿಕೊಂಡರೆ ಎ ಕಡೆ ಬ್ಯಾಟರಿ ಮುಗಿದು ನಿಲ್ಲುತ್ತದೆ, ಅಷ್ಟೇ. ಸರ್ವರ್‌ಗಳು ಬಿ ಮೇಲೆ ಓಡುತ್ತಿರುತ್ತವೆ. ಎರಡೂ ಜನರೇಟರ್ ಓಡಿದಾಗ ಲೋಡ್ ಹಂಚಿಹೋಗುತ್ತದೆ ಅನ್ನುವುದು ನಿಜ. ಕರೆಂಟ್ ತುಂಬ ಹೊತ್ತು ಬರದಿದ್ದರೆ ಟೈ ಹಾಕಿ ಒಂದನ್ನು ನಿಲ್ಲಿಸಿ.

ಒಂದು ಸಣ್ಣ ವಿಷಯ, ಆದರೆ ಕಾಡುವಂಥದ್ದು. ನಿಮ್ಮ ಕಟ್ಟಡದಲ್ಲಿ ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್ ಇದ್ದರೆ, ಜನರೇಟರ್ ಮೇಲೆ ಓಡುವಾಗ ಅದು ತಾನಾಗಿ ಕಳಚಿಕೊಳ್ಳಬೇಕು. ಸರ್ವರ್ ಮತ್ತು ಯುಪಿಎಸ್ ಲೋಡ್ ಮೊದಲೇ ಲೀಡಿಂಗ್ ಕಡೆ, ಅಂದರೆ ಕೆಪಾಸಿಟರ್ ಎಳೆಯುವ ಕಡೆಗೇ, ವಾಲಿರಬಹುದು. ಅದರ ಮೇಲೆ ಕೆಪಾಸಿಟರ್ ಸೇರಿದರೆ ಜನರೇಟರ್‌ನ ವೋಲ್ಟೇಜ್ ಹಿಡಿತ ತಪ್ಪಿ ಏರುತ್ತದೆ, ಸೆಟ್ ಟ್ರಿಪ್ ಆಗುತ್ತದೆ. ಎಂಜಿನ್ ಚೆನ್ನಾಗಿದೆ, ಡೀಸೆಲ್ ಇದೆ, ಆದರೂ ಯಾಕೆ ನಿಂತಿತು ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ.

ಬ್ಯಾಟರಿ ಎಷ್ಟು ನಿಮಿಷ? ಜನರೇಟರ್ ಸ್ಟಾರ್ಟ್ ಆಗಿ ಲೋಡ್ ತೆಗೆದುಕೊಳ್ಳಲು 10–15 ಸೆಕೆಂಡ್ ಸಾಕು. ಮೊದಲ ಸಲ ಹಿಡಿಯದೆ ಮೂರು ಸಲ ಪ್ರಯತ್ನಿಸಿದರೂ ಒಂದೆರಡು ನಿಮಿಷ. ಉಳಿದ ನಿಮಿಷಗಳು ಇರುವುದು ಎರಡು ಜನರೇಟರ್‌ಗಳೂ ಕೈಕೊಟ್ಟಾಗ ಡೇಟಾಬೇಸ್ ಮತ್ತು ಸರ್ವರ್‌ಗಳನ್ನು ಕ್ರಮವಾಗಿ ಮುಚ್ಚುವುದಕ್ಕೆ. ನಿಮ್ಮಲ್ಲಿ ಅದಕ್ಕೆ ಎಷ್ಟು ಹೊತ್ತು ಬೇಕು ಅಂತ ಒಮ್ಮೆ ಮುಚ್ಚಿಯೇ ಅಳೆಯಿರಿ. ಒಂದೊಂದು ಯುಪಿಎಸ್‌ಗೆ ಪೂರ್ತಿ 40 ಕಿಲೋವ್ಯಾಟ್ ಮೇಲೆ 15 ನಿಮಿಷ ಇರುವ ಹಾಗೆ ಬ್ಯಾಟರಿ ಕೊಟ್ಟರೆ ಸಾಮಾನ್ಯವಾಗಿ ಸಾಕು. ಎರಡೂ ಓಡುವಾಗ ಲೋಡ್ ಅರ್ಧವಾಗುವುದರಿಂದ ಅದು ಅರ್ಧ ಗಂಟೆ ದಾಟುತ್ತದೆ.

ಒಂದು ಗಂಟೆಯ ಬ್ಯಾಟರಿ ಬೇಡ ಅನ್ನುವುದಕ್ಕೆ ಕಾರಣ ದುಡ್ಡಲ್ಲ, ಬಿಸಿ. ಎಸಿ ಯುಪಿಎಸ್ ಮೇಲೆ ಇರುವುದಿಲ್ಲ ಅಲ್ವಾ? ಲೆಕ್ಕ ಹಾಕಿ ನೋಡಿ. 60 ಚದರ ಮೀಟರ್ ಕೋಣೆ, ಮೂರು ಮೀಟರ್ ಎತ್ತರ ಅಂದರೆ 180 ಘನ ಮೀಟರ್ ಗಾಳಿ, ತೂಕ ಸುಮಾರು 216 ಕೆಜಿ. 40 ಕಿಲೋವ್ಯಾಟ್ ಬಿಸಿ ಬರೀ ಆ ಗಾಳಿಗೇ ಹೋದರೆ ನಿಮಿಷಕ್ಕೆ ಹತ್ತು ಡಿಗ್ರಿಗಿಂತ ಜಾಸ್ತಿ ಏರುತ್ತದೆ. ಗೋಡೆ, ನೆಲ, ರ್‍ಯಾಕ್‌ನ ಕಬ್ಬಿಣ ಒಂದಷ್ಟು ಹೀರಿಕೊಳ್ಳುವುದರಿಂದ ನಿಜದಲ್ಲಿ ಅಷ್ಟು ವೇಗ ಇರುವುದಿಲ್ಲ. ಆದರೂ ಗಂಟೆಗಟ್ಟಲೆ ಸಮಯ ಸಿಗುವುದಿಲ್ಲ, ಸಿಗುವುದು ಕೆಲವೇ ನಿಮಿಷ. ಸರ್ವರ್‌ಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಅನ್ನುತ್ತದೆ ಅಮೆರಿಕದ ಎಸಿ ಎಂಜಿನಿಯರ್‌ಗಳ ಸಂಸ್ಥೆ ಅಶ್ರೇಯ ಶಿಫಾರಸು. ಬ್ಯಾಟರಿ ಇನ್ನೂ ಅರ್ಧ ತುಂಬಿರುವಾಗಲೇ ಸರ್ವರ್‌ಗಳು ಬಿಸಿ ತಾಳದೆ ತಾವೇ ಆಫ್ ಆಗುತ್ತವೆ. ಆ ದುಡ್ಡಿನಲ್ಲಿ ಎಸಿಯ ಕಂಟ್ರೋಲರ್ ಮತ್ತು ಫ್ಯಾನ್ ಯುಪಿಎಸ್ ಮೇಲೆ ಬರುವ ಹಾಗೆ ಮಾಡಿಸಿ, ಕಂಪ್ರೆಸರ್ ಮಾತ್ರ ಜನರೇಟರ್‌ಗೆ ಕಾಯಲಿ. ಕರೆಂಟ್ ಬಂದ ಮೇಲೆ ಎಸಿ ತಾನಾಗಿ ಶುರುವಾಗುವ ಸೆಟ್ಟಿಂಗ್ ಆನ್ ಇದೆಯಾ ಅಂತಲೂ ನೋಡಿ. ರಾತ್ರಿ ಎರಡು ಗಂಟೆಗೆ ಯಾರಾದರೂ ಬಂದು ಬಟನ್ ಒತ್ತಲಿ ಅಂತ ಕಾಯುವ ಎಸಿಗಳು ಬೇಕಾದಷ್ಟಿವೆ.

ಸೀಸದ ಸೀಲ್ಡ್ ಬ್ಯಾಟರಿ ಆದರೆ ಅದರ ಆಯಸ್ಸು 25 ಡಿಗ್ರಿಗೆ ಲೆಕ್ಕ ಹಾಕಿದ್ದು. ಅದಕ್ಕಿಂತ ಹತ್ತು ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಿಮ್ಮೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬ್ಯಾಟರಿ ಇಟ್ಟರೆ ಹತ್ತು ವರ್ಷದ ಮಾತು ಮರೆತುಬಿಡಿ. ಬ್ಯಾಟರಿಗಳು ಸಾಲಾಗಿ ಸೀರೀಸ್‌ನಲ್ಲಿ ಇರುತ್ತವೆ. ಮೂವತ್ತರಲ್ಲಿ ಒಂದು ಒಳಗೆ ಕಡಿದುಹೋದರೂ ಇಡೀ ಸಾಲು ಸತ್ತಂತೆ. ಅದಕ್ಕೇ ಪ್ರತಿ ಯುಪಿಎಸ್‌ಗೆ ಎರಡು ಸಾಲು ಇರಲಿ.

ಲಿಥಿಯಂ ಜಾಗ ಕಡಿಮೆ ತಿನ್ನುತ್ತದೆ, ಬಾಳಿಕೆ ಹೆಚ್ಚು. ಆದರೆ ಎಲ್ಲಿಡುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. 2022ರ ಅಕ್ಟೋಬರ್ 15ರಂದು ದಕ್ಷಿಣ ಕೊರಿಯಾದ ಪಾಂಗ್ಯೋ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿತ್ತು. ನೀರು ಹಾಕಬೇಕಾಗಿದ್ದರಿಂದ ಕಟ್ಟಡದ ಕರೆಂಟನ್ನೇ ತೆಗೆದರು. ಒಳಗೆ ಎಷ್ಟು ಬ್ಯಾಕಪ್ ಇದ್ದರೇನು? ಆ ದೇಶದ ಜನ ದಿನವಿಡೀ ಬಳಸುವ ಮೆಸೇಜ್ ಆ್ಯಪ್ ಕಾಕಾವೋಟಾಕ್ ನಿಂತಿತು, ಎಲ್ಲ ಸೇವೆ ಮರಳಲು ಐದು ದಿನ ದಾಟಿತು. 2025ರ ಸೆಪ್ಟೆಂಬರ್ 26ರಂದು ಅದೇ ದೇಶದ ದೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ನ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆದಾಗ ಬೆಂಕಿ ಹತ್ತಿ, 709 ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರ ಕಡತಗಳಿದ್ದ ಒಂದು ಸಂಗ್ರಹ ಸುಟ್ಟೇ ಹೋಯಿತು; ಅದರ ಪ್ರತಿ ಬೇರೆ ಕಡೆ ಇರಲಿಲ್ಲ. ಸೀಸವಿರಲಿ ಲಿಥಿಯಂ ಇರಲಿ, ಎ ಬ್ಯಾಟರಿ ಒಂದು ಕೋಣೆ, ಬಿ ಬ್ಯಾಟರಿ ಇನ್ನೊಂದು ಕೋಣೆ, ನಡುವೆ ಬೆಂಕಿ ತಡೆಯುವ ಗೋಡೆ. ಸರ್ವರ್ ಕೋಣೆಯಲ್ಲಿ ಎರಡೂ ಬೇಡ. ದಿನದ ಲೆಕ್ಕದ ಒಂದು ಪ್ರತಿ ಹುಬ್ಬಳ್ಳಿಯಿಂದ ಹೊರಗೆ, ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇರಲಿ. ನೀವು ಇದನ್ನು ಕೇಳಿಲ್ಲ, ಆದರೆ ದುಡ್ಡು ಒಂದಕ್ಕೇ ಸಾಲುವುದಾದರೆ ನಾನು ಎರಡನೇ ಜನರೇಟರ್ ಬಿಟ್ಟು ಇದನ್ನೇ ಆರಿಸುತ್ತೇನೆ.

ಡೀಸೆಲ್‌ಗೆ ಬರೋಣ. 70 ಕಿಲೋವ್ಯಾಟ್‌ಗೆ ಗಂಟೆಗೆ ಸುಮಾರು 20 ಲೀಟರ್ ಬೇಕು. ಪೆಟ್ರೋಲಿಯಂ ಕಾಯ್ದೆ ಪ್ರಕಾರ ಒಂದು ಜಾಗದಲ್ಲಿ ಒಟ್ಟು ಡೀಸೆಲ್ 2,500 ಲೀಟರ್ ಮೀರದಿದ್ದರೆ, ಒಂದೊಂದು ಟ್ಯಾಂಕ್ 1,000 ಲೀಟರ್ ಮೀರದಿದ್ದರೆ ಪರವಾನಗಿ ಬೇಡ. ಎಲ್ಲೆಲ್ಲೂ 990 ಲೀಟರ್ ಟ್ಯಾಂಕ್ ಕಾಣುವುದು ಇದಕ್ಕೇ. ಪ್ರತಿ ಜನರೇಟರ್‌ಗೂ ಅದರದ್ದೇ 990ರ ಟ್ಯಾಂಕ್ ಇಡಿ. ಒಂದು ಟ್ಯಾಂಕ್‌ಗೆ ಎರಡು ದಿನ ಓಡುತ್ತದೆ. ಜನರೇಟರ್ ಕೆಳಗಿನ ಟ್ಯಾಂಕ್‌ನ ಡೀಸೆಲ್ಲೂ ಆ 2,500ರ ಲೆಕ್ಕಕ್ಕೆ ಸೇರುತ್ತದೆ, ಮರೆಯಬೇಡಿ. ಒಂದೇ ಟ್ಯಾಂಕರ್‌ನಿಂದ ಒಂದೇ ದಿನ ಎರಡನ್ನೂ ತುಂಬಿಸಬೇಡಿ. ಆ ಡೀಸೆಲ್‌ನಲ್ಲಿ ನೀರಿದ್ದರೆ ಎರಡು ಎಂಜಿನ್ನೂ ಒಟ್ಟಿಗೆ ಕೆಮ್ಮುತ್ತವೆ. ವರ್ಷಗಟ್ಟಲೆ ನಿಂತ ಡೀಸೆಲ್‌ನಲ್ಲಿ ತಳದಲ್ಲಿ ನೀರು ಸೇರಿ ಪಾಚಿಯಂಥ ಕೆಸರು ಬೆಳೆಯುತ್ತದೆ. ಆಗಾಗ ತಳದ ನಲ್ಲಿ ಬಿಟ್ಟು ನೋಡಬೇಕು. 2023ರ ಜುಲೈ 1ರಿಂದ ಬಂದ ಸಿಪಿಸಿಬಿ 4 ಪ್ಲಸ್ ನಿಯಮದ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ನಿಯಮದ) ಹೊಸ ಸೆಟ್‌ಗಳಲ್ಲಿ ಈ ಗಾತ್ರದ ಅನೇಕಕ್ಕೆ ಡೀಸೆಲ್ ಜೊತೆ ಯೂರಿಯಾ ದ್ರಾವಣವೂ ಬೇಕು. ಅದು ಮುಗಿದರೆ ಯಂತ್ರ ಏನು ಮಾಡುತ್ತದೆ ಅಂತ ಮಾರುವವರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ನೆಲಮಾಳಿಗೆಯಲ್ಲಿ ಟ್ಯಾಂಕ್, ಪಂಪ್, ಪ್ಯಾನೆಲ್ ಯಾವುದೂ ಬೇಡ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಬಡಿದಾಗ ಬ್ರಾಡ್ ಸ್ಟ್ರೀಟ್‌ನ ಒಂದು ಕಟ್ಟಡದಲ್ಲಿ ಜನರೇಟರ್ ಮೇಲೆ ಸುರಕ್ಷಿತವಾಗಿತ್ತು. ಡೀಸೆಲ್ ಮೇಲಕ್ಕೆ ತಳ್ಳುವ ಪಂಪ್ ಮಾತ್ರ ಕೆಳಗೆ ನೀರಿನಲ್ಲಿ ಮುಳುಗಿತು. ಜನ ಬಕೆಟ್‌ನಲ್ಲಿ 17 ಮಹಡಿ ಡೀಸೆಲ್ ಹೊತ್ತರು.

ಪರೀಕ್ಷೆ ವಿಷಯದಲ್ಲಿ ನನ್ನದು ಸ್ವಲ್ಪ ಮೊಂಡು ವಾದ. ವಾರಕ್ಕೊಮ್ಮೆ ಲೋಡ್ ಇಲ್ಲದೆ ಐದು ನಿಮಿಷ ಗುಡುಗುಡು ಅನ್ನಿಸಿ ರಿಜಿಸ್ಟರ್‌ಗೆ ಸಹಿ ಹಾಕುವುದು ಪರೀಕ್ಷೆಯಲ್ಲ. ತಿಂಗಳಿಗೊಮ್ಮೆ ನಿಜವಾದ ಲೋಡ್ ಮೇಲೆ ಅರ್ಧ ಗಂಟೆ ಓಡಿಸಿ. ವರ್ಷಕ್ಕೆರಡು ಸಲ, ಎರಡನೇ ಶನಿವಾರ ವಹಿವಾಟು ಮುಗಿದ ಮೇಲೆ, ಹೆಸ್ಕಾಂ ಕಡೆಯ ಮೇನ್ ಬ್ರೇಕರನ್ನೇ ಇಳಿಸಿ. ಎ ಕಡೆ ಒಂದನ್ನೇ, ಬಿ ಕಡೆ ಒಂದನ್ನೇ, ಆಮೇಲೆ ಎರಡನ್ನೂ. ಮೊದಲ ಸಲ ಇದನ್ನು ಸರ್ವರ್ ಬರುವ ಮುಂಚೆ, ಬಾಡಿಗೆಯ ಲೋಡ್ ಬ್ಯಾಂಕ್ (ಸರ್ವರ್ ಬದಲು ಕರೆಂಟ್ ಎಳೆಯುವ ಯಂತ್ರ) ಇಟ್ಟು ಮಾಡಿಸಿ. ಗುತ್ತಿಗೆದಾರರ ಕೊನೆ ಕಂತು ಅದರ ಮೇಲೇ ನಿಲ್ಲಲಿ. ಜನರೇಟರ್ ಸ್ಟಾರ್ಟ್ ಆಗದಿರಲು ಹೆಚ್ಚಾಗಿ ಕಾರಣ ಅದರ ಸೆಲ್ಫ್ ಬ್ಯಾಟರಿ. ಅದು ಕೆಡುವವರೆಗೆ ಕಾಯದೆ ತಾರೀಕು ನೋಡಿ ಬದಲಾಯಿಸಿ.

ಕರೆಂಟ್ ಮರಳಿ ಕೊಡುವುದಕ್ಕೂ ಒಂದು ಕ್ರಮ ಬೇಕು. 2017ರ ಮೇ 27ರಂದು ಬ್ರಿಟಿಷ್ ಏರ್‌ವೇಸ್‌ನ ಡೇಟಾ ಸೆಂಟರ್‌ನಲ್ಲಿ ಒಬ್ಬ ಎಂಜಿನಿಯರ್ ಕರೆಂಟ್ ತೆಗೆದರು. ನಿಜವಾದ ಹಾನಿ ಆದದ್ದು ಅದನ್ನು ಅಡ್ಡಾದಿಡ್ಡಿ ವಾಪಸ್ ಕೊಟ್ಟಾಗ ಅಂತ ಕಂಪನಿಯ ಹಿರಿಯರು ಆಮೇಲೆ ವಿವರಿಸಿದರು. 75,000 ಪ್ರಯಾಣಿಕರು ಸಿಕ್ಕಿಹಾಕಿಕೊಂಡರು. ಪ್ರತಿ ಪ್ಯಾನೆಲ್ ಮೇಲೂ ಯಾವುದರ ನಂತರ ಯಾವುದು ಅನ್ನುವುದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಅಂಟಿಸಿ. ರಾತ್ರಿ ಅಲ್ಲಿರುವುದು ಎಂಜಿನಿಯರ್ ಅಲ್ಲ, ವಾಚ್‌ಮನ್.

ಎರಡನೇ ಹೆಸ್ಕಾಂ ಲೈನ್ ನಿಮ್ಮ ಗಾತ್ರಕ್ಕೆ ಬೇಡ ಅನ್ನುತ್ತೇನೆ. ಎರಡೂ ಫೀಡರ್ ಒಂದೇ ಸಬ್‌ಸ್ಟೇಷನ್‌ನಿಂದ ಬಂದರೆ ಹಾಳೆಯ ಮೇಲೆ ಎರಡು ಗೆರೆ, ಅಷ್ಟೇ. ಬೇರೆ ಬೇರೆ ಸ್ಟೇಷನ್‌ನಿಂದ ತಂದರೂ ಗ್ರಿಡ್ಡೇ ಬಿದ್ದರೆ ಎರಡೂ ಬೀಳುತ್ತವೆ. 2012ರ ಜುಲೈ 31ರಂದು ಉತ್ತರ ಮತ್ತು ಪೂರ್ವ ಭಾರತದ 60 ಕೋಟಿ ಜನರಿಗೆ ಕರೆಂಟ್ ಹೋದಾಗ ನಮಗೆ ಏನೂ ಆಗಲಿಲ್ಲ, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯದೇ ಲಯದಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ಅದೂ ದೇಶದ ಗ್ರಿಡ್‌ಗೆ ಸೇರಿತು.

ಟಿಯರ್ 3 ಅನ್ನುವುದು ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಪರಿಶೀಲಿಸಿ ಕೊಡುವ ದರ್ಜೆ. ಅದರ ತಿರುಳು, ಯಾವ ಯಂತ್ರವನ್ನು ಸರ್ವಿಸ್‌ಗೆ ಬಿಚ್ಚಿದರೂ ಸರ್ವರ್ ನಿಲ್ಲಬಾರದು. ಒಂದು ಜನರೇಟರ್, ಒಂದು ಔಟ್‌ಪುಟ್ ಪ್ಯಾನೆಲ್ ಇರುವ ಜೋಡಣೆಗೆ ಆ ಹೆಸರು ಸಲ್ಲುವುದಿಲ್ಲ. ಪ್ರಮಾಣಪತ್ರ ನಿಮಗೆ ಬೇಕಾಗಿಯೂ ಇಲ್ಲ. ಅವರ ಬಾಯಲ್ಲಿ ಆ ಮಾತು ಬಂದರೆ ‘ಔಟ್‌ಪುಟ್ ಪ್ಯಾನೆಲ್ ಬಿಚ್ಚಿದರೆ ಏನಾಗುತ್ತೆ ಸಾರ್’ ಅಂತ ಕೇಳಿ.

ಇನ್ನು ಸೋಲಾರ್. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಕರೆಂಟ್ ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲಿ ಅಂತ ಅದನ್ನು ಹಾಗೇ ಮಾಡಿರುತ್ತಾರೆ. ಬಿಲ್ ಇಳಿಸಲು ಇರಲಿ, ಬ್ಯಾಕಪ್ ಲೆಕ್ಕಕ್ಕೆ ಸೇರಿಸಬೇಡಿ. ಒಂದು ಅಪಾಯ ಮಾತ್ರ ಇದೆ: ಜನರೇಟರ್ ಶುರುವಾದಾಗ ಸೋಲಾರ್ ಇನ್ವರ್ಟರ್ ಅದನ್ನೇ ಗ್ರಿಡ್ ಅಂದುಕೊಂಡು ಮತ್ತೆ ಎದ್ದು ಕೂರಬಹುದು. ಮಧ್ಯಾಹ್ನದ ಬಿಸಿಲಲ್ಲಿ ಅದು ನಿಮ್ಮ ಲೋಡ್‌ಗಿಂತ ಜಾಸ್ತಿ ಕೊಟ್ಟರೆ ಜನರೇಟರ್ ಒಳಕ್ಕೇ ಕರೆಂಟ್ ನುಗ್ಗುತ್ತದೆ, ಸೆಟ್ ಟ್ರಿಪ್ ಆಗುತ್ತದೆ. ಜನರೇಟರ್ ಮೇಲಿದ್ದಾಗ ಸೋಲಾರ್ ಬ್ರೇಕರ್ ತೆರೆದೇ ಇರುವ ಹಾಗೆ ಇಂಟರ್‌ಲಾಕ್ ಹಾಕಿ ಅಂತ ಡಯಾಗ್ರಾಂನಲ್ಲೇ ಬರೆಸಿ, ಆಮೇಲೆ ಅದನ್ನು ವಿದ್ಯುತ್ ಪರಿವೀಕ್ಷಕರ ಅನುಮೋದನೆಗೆ ಕಳಿಸಿ.